ಕ್ಯಾಲೆಂಡರಿನಿಂದ ಕಾಣೆಯಾದ ಹನ್ನೊಂದು ದಿನ

ಲಿನಕ್ಸ್ ಅಥವಾ ಮ್ಯಾಕ್ ಉಪಯೋಗಿಸುವವರು ಒಂದು ಸಲ ಟರ್ಮಿನಲ್ ತೆರೆದು, ಕ್ಯಾಲ್ ಕಮಾಂಡಿನ ಮುಂದೆ 9 ಮತ್ತು 1752 ಅಂತ ಕೊಟ್ಟು ನೋಡಿ. 1752ರ ಸೆಪ್ಟೆಂಬರ್ ತಿಂಗಳು ಬರುತ್ತೆ. ಮಂಗಳವಾರ 1, ಬುಧವಾರ 2, ಗುರುವಾರ... 14! ನಡುವಿನ ಹನ್ನೊಂದು ದಿನ ನಾಪತ್ತೆ. ಮೊದಲ ಸಲ ನೋಡಿದವರು 'ಇದೇನೋ ಬಗ್ ಇರಬೇಕು' ಅಂದ್ಕೋತಾರೆ. ಬಗ್ ಅಲ್ಲ ಸ್ವಾಮೀ, ಆ ತಾರೀಖುಗಳು ಇಂಗ್ಲೆಂಡಿನಲ್ಲಿ ನಿಜವಾಗಿಯೂ ಬರಲೇ ಇಲ್ಲ. ಸೆಪ್ಟೆಂಬರ್ 2ರ ರಾತ್ರಿ ಮಲಗಿದವರು ಬೆಳಿಗ್ಗೆ ಎದ್ದಾಗ ತಾರೀಖು 14.

'ನಿಮಗೆ ಗೊತ್ತೇ?' ಮಾದರಿಯ ಇಂಥ ಸಂಗತಿಗಳೆಂದರೆ ನನಗೆ ಶಾಲೆಯ ದಿನಗಳಿಂದಲೂ ಹುಚ್ಚು. ಆದರೆ ಇದೊಂದರ ಬೆನ್ನು ಹತ್ತಿ ಹೋದರೆ ಎರಡು ಸಾವಿರ ವರ್ಷದ ಕತೆ ಬಿಚ್ಚಿಕೊಳ್ಳುತ್ತೆ. ಅದರಲ್ಲಿ ಸೂರ್ಯ, ಭೂಮಿಗಳ ಲೆಕ್ಕ ಇರೋದು ಸ್ವಲ್ಪ. ಬಾಡಿಗೆ, ಸಾಲ, ಸಂಬಳ, ಹಬ್ಬಗಳ ಗೋಳೇ ಜಾಸ್ತಿ.

ಕತೆ ಶುರುವಾಗೋದು ರೋಮ್‌ನಲ್ಲಿ. ಅಲ್ಲಿನ ಹಳೆಯ ವರ್ಷಕ್ಕೆ 355 ದಿನ. ಋತುಗಳ ಜೊತೆ ಹೊಂದಿಸೋಕೆ ಆಗಾಗ ಒಂದು ಅಧಿಕ ಮಾಸ ಸೇರಿಸಬೇಕಿತ್ತು. ಯಾವಾಗ ಸೇರಿಸಬೇಕು ಅಂತ ತೀರ್ಮಾನಿಸುತ್ತಿದ್ದವರು ಪುರೋಹಿತರು, ಅವರೋ ರಾಜಕಾರಣಿಗಳೂ ಹೌದು. ತಮ್ಮ ಕಡೆಯವರು ಅಧಿಕಾರದಲ್ಲಿದ್ದರೆ ವರ್ಷ ಉದ್ದ, ಎದುರು ಪಾರ್ಟಿಯಾದರೆ ಗಿಡ್ಡ! ಕೊನೆಗೆ ಜೂಲಿಯಸ್ ಸೀಸರ್, ಅಲೆಕ್ಸಾಂಡ್ರಿಯಾದ ಸೋಸಿಜೆನಿಸ್ ಎಂಬ ಖಗೋಳಜ್ಞನ ಸಲಹೆ ಪಡೆದು ಎಲ್ಲ ಸರಿ ಮಾಡಲು ಹೊರಟ. ಹಳೆಯ ಬಾಕಿ ತೀರಿಸೋಕೆ ಕ್ರಿ.ಪೂ. 46ನೇ ವರ್ಷವನ್ನು 445 ದಿನಕ್ಕೆ ಎಳೆದ. ಮುಂದಿನ ವರ್ಷದಿಂದ 365 ದಿನ, ನಾಲ್ಕು ವರ್ಷಕ್ಕೊಮ್ಮೆ ಒಂದು ದಿನ ಹೆಚ್ಚು ಅನ್ನೋ ಸರಳ ನಿಯಮ ಬಂತು.

ಸರಳ ಅಂದ್ನಲ್ಲ, ಅಲ್ಲೂ ಎಡವಟ್ಟಾಯ್ತು. ರೋಮನ್ನರು ಎಣಿಸುವಾಗ ಮೊದಲಿನದ್ದನ್ನೂ ಕೊನೆಯದ್ದನ್ನೂ ಸೇರಿಸಿ ಎಣಿಸುತ್ತಿದ್ದರು. ನಮ್ಮಲ್ಲಿ ಹನ್ನೊಂದನೇ ದಿನದ ನಾಮಕರಣಕ್ಕೆ ಮಗು ಹುಟ್ಟಿದ ದಿನವನ್ನೂ ಸೇರಿಸಿಕೊಳ್ಳುತ್ತೇವಲ್ಲ, ಹಾಗೆ. ಹಾಗಾಗಿ ಸೀಸರ್ ಸತ್ತ ಮೇಲೆ ಪುರೋಹಿತರು 'ನಾಲ್ಕನೇ ವರ್ಷಕ್ಕೊಮ್ಮೆ' ಅನ್ನೋದನ್ನ ಮೂರು ವರ್ಷಕ್ಕೊಮ್ಮೆ ಅಂತ ಅರ್ಥ ಮಾಡಿಕೊಂಡರು. ಕೋಡ್ ಬರೆಯೋ ಎಲ್ಲರಿಗೂ ಗೊತ್ತಿರೋ, ಲೂಪ್ ಒಂದು ಸುತ್ತು ಕಡಿಮೆ ಓಡುವ ತಪ್ಪು ಇದೇ. ಮೂವತ್ತಕ್ಕೂ ಹೆಚ್ಚು ವರ್ಷ ಇದು ಹೀಗೇ ನಡೀತು. ಆಮೇಲೆ ಅಗಸ್ಟಸ್ ಕೆಲವು ಅಧಿಕ ವರ್ಷಗಳನ್ನೇ ಕೈಬಿಟ್ಟು ಸರಿಪಡಿಸಿದ.

ಅಷ್ಟಾದರೂ ಒಂದು ಸಣ್ಣ ತೂತು ಉಳಿದುಬಿಟ್ಟಿತ್ತು. ಸೀಸರನ ವರ್ಷ 365.25 ದಿನ, ಋತುಗಳ ವರ್ಷ ಸುಮಾರು 365.2422 ದಿನ. ವರ್ಷಕ್ಕೆ ಹನ್ನೊಂದು ನಿಮಿಷದಷ್ಟು ವ್ಯತ್ಯಾಸ. ಹನ್ನೊಂದು ನಿಮಿಷ ಏನು ಮಹಾ ಅನ್ನಬೇಡಿ, 128 ವರ್ಷಕ್ಕೆ ಅದು ಒಂದು ದಿನ ಆಗುತ್ತೆ. ಕ್ರಿ.ಶ. 325ರ ಸುಮಾರಿಗೆ ಮಾರ್ಚ್ 21ಕ್ಕೆ ಬರುತ್ತಿದ್ದ ವಿಷುವ, ಅಂದರೆ ಹಗಲು ರಾತ್ರಿ ಸಮವಾಗುವ ದಿನ, 1582ರ ಹೊತ್ತಿಗೆ ಮಾರ್ಚ್ 11ಕ್ಕೆ ಬಂದಿತ್ತು. ಈಸ್ಟರ್ ಹಬ್ಬದ ಲೆಕ್ಕ ನಿಂತಿರೋದೇ ಆ ದಿನದ ಮೇಲೆ. ಪೋಪ್ 13ನೇ ಗ್ರೆಗರಿ ಹತ್ತು ದಿನ ಕತ್ತರಿಸಿಯೇಬಿಟ್ಟ. 1582ರ ಅಕ್ಟೋಬರ್ 4, ಗುರುವಾರ. ಮಾರನೇ ದಿನ ಅಕ್ಟೋಬರ್ 15, ಶುಕ್ರವಾರ. ಸ್ಪೇನಿನ ಸಂತ ತೆರೇಸಾ ತೀರಿಕೊಂಡದ್ದು ಅದೇ 4ರ ರಾತ್ರಿ, ಮಣ್ಣಾದದ್ದು ಮಾರನೇ ದಿನ, ಅಂದ್ರೆ 15ಕ್ಕೆ! ಮುಂದೆ ಮತ್ತೆ ಜಾರದ ಹಾಗೆ ಹೊಸ ನಿಯಮವೂ ಬಂತು: ಶತಮಾನದ ವರ್ಷ 400ರಿಂದ ಭಾಗವಾದರೆ ಮಾತ್ರ ಅಧಿಕ ವರ್ಷ. ಅದಕ್ಕೇ 1900ರಲ್ಲಿ ಫೆಬ್ರವರಿ 29 ಇರಲಿಲ್ಲ, 2000ದಲ್ಲಿ ಇತ್ತು.

ಲೆಕ್ಕವೇನೋ ಸರಿ. ಆದರೆ ಪೋಪ್ ಹೇಳಿದ್ದನ್ನ ಪ್ರಾಟೆಸ್ಟೆಂಟ್ ದೇಶಗಳು ಯಾಕೆ ಕೇಳಬೇಕು? ಇಟಲಿ, ಸ್ಪೇನ್, ಪೋರ್ಚುಗಲ್, ಪೋಲೆಂಡ್ ತಕ್ಷಣ ಒಪ್ಪಿದವು, ಇಂಗ್ಲೆಂಡ್ 170 ವರ್ಷ ಸುಮ್ಮನೆ ಕೂತಿತು. ಅದರ ಫಲವನ್ನ ಇವತ್ತಿನ ಕ್ವಿಜ್‌ಗಳಲ್ಲೂ ನೋಡಬಹುದು. ಗೆಲಿಲಿಯೋ ಸತ್ತ 1642ರಲ್ಲೇ ನ್ಯೂಟನ್ ಹುಟ್ಟಿದ ಅಂತಾರೆ. ಗೆಲಿಲಿಯೋನ ತಾರೀಖು ಇಟಲಿಯ ಹೊಸ ಕ್ಯಾಲೆಂಡರಿನದು, ನ್ಯೂಟನ್‌ನ ಡಿಸೆಂಬರ್ 25 ಇಂಗ್ಲೆಂಡಿನ ಹಳೆಯದು. ಹೊಸ ಲೆಕ್ಕದಲ್ಲಿ ನ್ಯೂಟನ್ ಹುಟ್ಟಿದ್ದು 1643ರ ಜನವರಿ 4! ಶೇಕ್ಸ್‌ಪಿಯರ್ ಮತ್ತು ಸ್ಪೇನಿನ ಸರ್ವಾಂಟಿಸ್ ಒಂದೇ ದಿನ, 1616ರ ಏಪ್ರಿಲ್ 23ಕ್ಕೆ, ಸತ್ತರು ಅನ್ನೋದೂ ಇದೇ ಜಾತಿಯದು. ಶೇಕ್ಸ್‌ಪಿಯರನ ಏಪ್ರಿಲ್ 23 ಬರುವಷ್ಟರಲ್ಲಿ ಸ್ಪೇನಿನಲ್ಲಿ ಆಗಲೇ ಮೇ 3 ಆಗಿತ್ತು.

ಕೊನೆಗೂ ಇಂಗ್ಲೆಂಡ್ 1751ರಲ್ಲಿ ಕಾನೂನು ತಂತು. ಅಲ್ಲಿ ಅಧಿಕೃತವಾಗಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಅದನ್ನೂ ಜನವರಿ 1ಕ್ಕೆ ತಂದಿದ್ದರಿಂದ 1751ನೇ ಇಸವಿಗೆ ಸಿಕ್ಕಿದ್ದು ಬರೀ 282 ದಿನ. ಅಷ್ಟು ಹೊತ್ತಿಗೆ ವ್ಯತ್ಯಾಸ ಹನ್ನೊಂದು ದಿನಕ್ಕೆ ಬೆಳೆದಿತ್ತು, 1752ರ ಸೆಪ್ಟೆಂಬರಿಗೆ ಕತ್ತರಿ ಬಿತ್ತು.

ಇಲ್ಲಿಂದ ಮುಂದಿನ ಕತೆ ನೀವೂ ಎಲ್ಲಾದರೂ ಓದಿರ್ತೀರಿ. ತಮ್ಮ ಆಯಸ್ಸಿನಲ್ಲಿ ಹನ್ನೊಂದು ದಿನ ಕದ್ದರು ಅಂತ ದಡ್ಡ ಜನ ಬೀದಿಗಿಳಿದು ದೊಂಬಿ ಮಾಡಿದರು ಅಂತ. ಕೇಳೋಕೆ ಮಜವಾಗಿದೆ. ಆದರೆ ಇತಿಹಾಸಕಾರರು ಹುಡುಕಿದರೆ ಅಂಥ ದೊಂಬಿಗೆ ಪುರಾವೆಯೇ ಸಿಗೋಲ್ಲ. ಈ ಕತೆಯ ದೊಡ್ಡ ಆಧಾರ ವಿಲಿಯಂ ಹೊಗಾರ್ತ್ 1755ರ ಸುಮಾರಿಗೆ ಬರೆದ ಒಂದು ಚುನಾವಣಾ ಚಿತ್ರ. ಅದರಲ್ಲಿ ನೆಲದ ಮೇಲೆ ಬಿದ್ದಿರೋ ಒಂದು ಫಲಕದಲ್ಲಿ ಹನ್ನೊಂದು ದಿನ ವಾಪಸ್ ಕೊಡಿ ಅನ್ನೋ ಬೇಡಿಕೆ ಇದೆ. ರಾಜಕಾರಣಿಗಳನ್ನು ಗೇಲಿ ಮಾಡಿದ ಚಿತ್ರವನ್ನೇ ಮುಂದಿನವರು ವರದಿ ಅಂತ ಓದಿಕೊಂಡರು. ಜನಸಾಮಾನ್ಯರು ದಡ್ಡರು ಅನ್ನೋ ಕತೆಗೆ ಸಾಕ್ಷಿ ಯಾರು ಕೇಳ್ತಾರೆ ಹೇಳಿ?

ನನಗೆ ಆ ದೊಂಬಿಯ ಕತೆಗಿಂತ ಇಷ್ಟವಾದದ್ದು ಆ ಕಾನೂನಿನ ಒಣ ಒಣ ಕಲಮುಗಳು. ಅದನ್ನ ಬರೆದವರು ತಾರೀಖು ಬದಲಾದರೆ ಯಾರಿಗೆ ಪೆಟ್ಟು ಬೀಳುತ್ತೆ ಅಂತ ಕೂತು ಯೋಚಿಸಿದ್ದಾರೆ. ಬಾಡಿಗೆ, ಸಾಲದ ಗಡುವು ಹನ್ನೊಂದು ದಿನ ಮುಂಚೆ ಬಂದು ಕುತ್ತಿಗೆ ಹಿಡಿಯಬಾರದು, ಮೊದಲಿನಷ್ಟೇ ದಿನ ಕಳೆದ ಮೇಲೆ ಕೊಟ್ಟರೆ ಸಾಕು. 21 ವರ್ಷ ತುಂಬಿ ಆಸ್ತಿಗೆ ಹಕ್ಕುದಾರನಾಗೋ ಹುಡುಗನಿಗೆ ನಿಜವಾಗಿ ಅಷ್ಟು ದಿನ ತುಂಬಿರಬೇಕು. ಊರ ಗೋಮಾಳವನ್ನು ದನಗಳಿಗೆ ಬಿಡೋ ದಿನ ಕೂಡ ಹಳೆಯ ಲೆಕ್ಕದ್ದೇ, ಯಾಕಂದ್ರೆ ಹುಲ್ಲಿಗೆ ಪಾರ್ಲಿಮೆಂಟಿನ ಕಾನೂನು ಗೊತ್ತಿಲ್ಲ :-) ಬ್ರಿಟನ್ನಿನ ತೆರಿಗೆ ವರ್ಷ ಇವತ್ತಿಗೂ ಏಪ್ರಿಲ್ 5ಕ್ಕೆ ಮುಗಿಯೋದು ವಿಚಿತ್ರ ಅನ್ನಿಸುತ್ತಲ್ಲ? ಮಾರ್ಚ್ 25ಕ್ಕೆ 11 ಕೂಡಿಸಿ ನೋಡಿ, ಬೇರು ಕಾಣುತ್ತೆ.

ಒಂದು ಹಳೇ ಸಿಸ್ಟಮ್ಮಿನ ದತ್ತಾಂಶವನ್ನ ಹೊಸದಕ್ಕೆ ಸಾಗಿಸೋ ಕೆಲಸ ಮಾಡಿದವರಿಗೆ ಇದರ ಬೆಲೆ ಗೊತ್ತಿರುತ್ತೆ. ಲೆಕ್ಕ ಸರಿ ಮಾಡೋದು ಒಂದು ಗಂಟೆಯ ಕೆಲಸ. ಹಳೆಯದನ್ನು ನಂಬಿಕೊಂಡು ಕೂತವರನ್ನು ಕಾಪಾಡೋದು ವರ್ಷದ ಕೆಲಸ. ಎಕ್ಸೆಲ್‌ನಲ್ಲಿ ಇವತ್ತಿಗೂ 1900ರ ಫೆಬ್ರವರಿ 29 ಅನ್ನೋ ಇಲ್ಲದ ದಿನ ಒಂದಿದೆ. ಲೋಟಸ್ 1-2-3ರಲ್ಲಿದ್ದ ತಪ್ಪನ್ನು, ಹಳೆಯ ಹಾಳೆಗಳು ಕೆಡಬಾರದು ಅಂತ, ಗೊತ್ತಿದ್ದೂ ಉಳಿಸಿಕೊಂಡಿದ್ದು.

ಎಲ್ಲರೂ ಇಷ್ಟು ಎಚ್ಚರ ವಹಿಸಲಿಲ್ಲ. ಸ್ವೀಡನ್ ಜಾಣತನ ಮಾಡೋಕೆ ಹೋಗಿ, 1700ರಿಂದ ನಲವತ್ತು ವರ್ಷ ಅಧಿಕ ದಿನಗಳನ್ನೇ ಬಿಟ್ಟು ಮೆಲ್ಲಗೆ ಹೊಸ ಕ್ಯಾಲೆಂಡರ್ ಸೇರೋಣ ಅಂತ ಹೊರಟಿತು. 1700ರಲ್ಲಿ ಬಿಟ್ಟರು. ಆಮೇಲೆ ಯುದ್ಧದ ಗದ್ದಲದಲ್ಲಿ 1704, 1708ರಲ್ಲಿ ಬಿಡಲೇ ಇಲ್ಲ. ಈಗ ಅವರ ತಾರೀಖು ಹಳೆಯದಕ್ಕೂ ಹೊಂದೋಲ್ಲ, ಹೊಸದಕ್ಕೂ ಹೊಂದೋಲ್ಲ! ಬೇಸತ್ತು 1712ರಲ್ಲಿ ಹಳೆಯದಕ್ಕೇ ವಾಪಸ್ ಹೋದರು. ಅದಕ್ಕಾಗಿ ಒಂದು ದಿನ ಹೆಚ್ಚು ಬೇಕಾಗಿ, ಆ ವರ್ಷ ಸ್ವೀಡನ್ನಿನಲ್ಲಿ ಫೆಬ್ರವರಿ 30 ಬಂತು. ಆ ದಿನ ಹುಟ್ಟಿದ ಮಕ್ಕಳ ಪಾಡು ನೀವೇ ಊಹಿಸಿ. ರಷ್ಯಾ ಬದಲಾಯಿಸಿದ್ದು 1918ರಲ್ಲಿ, ಅದಕ್ಕೇ 'ಅಕ್ಟೋಬರ್ ಕ್ರಾಂತಿ'ಯ ದಿನಾಚರಣೆ ನವೆಂಬರ್ 7ಕ್ಕೆ.

ಇದೆಲ್ಲ ಅಜ್ಜನ ಕಾಲದ್ದು ಅನ್ನಬೇಡಿ. ಪೆಸಿಫಿಕ್ ಸಾಗರದ ಸಮೋವಾ ದೇಶದಲ್ಲಿ 2011ರ ಡಿಸೆಂಬರ್ 30 ಬರಲೇ ಇಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆ ವ್ಯಾಪಾರಕ್ಕೆ ಅನುಕೂಲವಾಗಲಿ ಅಂತ ದಿನಾಂಕ ರೇಖೆಯ ಈ ಕಡೆಗೆ ಬಂದರು. ಇದೇ ದ್ವೀಪಗಳು ಅಮೆರಿಕದ ವ್ಯಾಪಾರಕ್ಕಾಗಿ 1892ರಲ್ಲಿ ಆ ಕಡೆಗೆ ಹೋಗಿದ್ದವು. ಆಗ ಜುಲೈ 4 ಎರಡು ಸಲ ಬಂದಿತ್ತು!

ಇನ್ನು ನಮ್ಮ ಮನೆಯ ವಿಷಯ. ಸಂಕ್ರಾಂತಿಗೆ ಉತ್ತರಾಯಣ ಶುರು ಅಂತ ಎಳ್ಳು ಬೀರುತ್ತೇವೆ. ಆದರೆ ಸೂರ್ಯ ಉತ್ತರಕ್ಕೆ ತಿರುಗೋದು ಡಿಸೆಂಬರ್ 21 ಅಥವಾ 22ಕ್ಕೆ. ಸಾವಿರದ ಏಳುನೂರು ವರ್ಷಗಳ ಹಿಂದೆ ಇವೆರಡೂ ಹೆಚ್ಚುಕಮ್ಮಿ ಒಂದೇ ದಿನ ಬರುತ್ತಿದ್ದವು. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನಕ್ಕೆ ತೊನೆಯುತ್ತೆ, ಒಂದು ಸುತ್ತಿಗೆ ಸುಮಾರು 26,000 ವರ್ಷ. ನಮ್ಮ ಪಂಚಾಂಗ ಲೆಕ್ಕ ಹಿಡಿಯೋದು ನಕ್ಷತ್ರಗಳಿಂದ, ಋತುಗಳಿಂದಲ್ಲ. ಅದಕ್ಕೇ ಸಂಕ್ರಾಂತಿ ಸುಮಾರು 71 ವರ್ಷಕ್ಕೆ ಒಂದು ದಿನದಂತೆ ಮುಂದೆ ಜಾರುತ್ತಿದೆ. ವಿವೇಕಾನಂದರು ಸಂಕ್ರಾಂತಿಯ ದಿನ ಹುಟ್ಟಿದವರು, ಅವರ ಜಯಂತಿ ಜನವರಿ 12. ಈಗ ಹಬ್ಬ 14ಕ್ಕೋ 15ಕ್ಕೋ ಬರುತ್ತೆ.

ಸ್ವಾತಂತ್ರ್ಯ ಬಂದ ಮೇಲೆ ಮೇಘನಾದ ಸಾಹಾ ಅವರ ಸಮಿತಿ ದೇಶದ ಸುಮಾರು ಮೂವತ್ತು ಬಗೆಯ ಪಂಚಾಂಗಗಳನ್ನು ನೋಡಿ, ಋತುಗಳಿಗೆ ಕಟ್ಟುಬಿದ್ದ ಒಂದು ರಾಷ್ಟ್ರೀಯ ಕ್ಯಾಲೆಂಡರ್ ಕೊಟ್ಟಿತು. 1957ರ ಮಾರ್ಚ್ 22ರಿಂದ ಅದು ಜಾರಿಯಲ್ಲಿದೆ, ಸರ್ಕಾರಿ ಗೆಜೆಟ್‌ನಲ್ಲಿ ಅಚ್ಚಾಗುತ್ತೆ. ಇವತ್ತು ಅದರ ಪ್ರಕಾರ ಎಷ್ಟನೇ ತಾರೀಖು ಅಂತ ನಿಮ್ಮಲ್ಲಿ ಎಷ್ಟು ಜನ ಹೇಳಬಲ್ಲಿರಿ? ಲೆಕ್ಕ ಸರಿಯಿದ್ದರಷ್ಟೇ ಸಾಲದು ಅನ್ನೋದು ಇದಕ್ಕೇ.

ಹೀಗೇ ಬಿಟ್ಟರೆ ಇನ್ನೈದು ಸಾವಿರ ವರ್ಷಕ್ಕೆ ಸಂಕ್ರಾಂತಿ ಮಾರ್ಚ್ ಕೊನೆಯ ಬಿಸಿಲಿಗೆ ಬಂದು ನಿಲ್ಲುತ್ತೆ, ಸುಗ್ಗಿ ಮುಗಿದು ಎಷ್ಟೋ ದಿನವಾದ ಮೇಲೆ. ತಿದ್ದಬೇಕು ಅಂದ್ರೆ ಒಂದು ವರ್ಷ ಇಪ್ಪತ್ತನಾಲ್ಕು ದಿನ ಕತ್ತರಿಸಬೇಕು. ಯಾವ ಊರಿನ ಜಾತ್ರೆ, ಯಾರ ಮನೆಯ ಹರಕೆ, ಯಾವ ಹೊಲದ ಒಕ್ಕಣೆ ಆ ಇಪ್ಪತ್ತನಾಲ್ಕರಲ್ಲಿ ಸಿಕ್ಕಿಬೀಳುತ್ತೆ? ಆ ಪಟ್ಟಿ ಮೊದಲು ಬರೆಯೋರು ಯಾರು? ನೀವಾಗಿದ್ದರೆ ಏನು ಮಾಡ್ತಿದ್ರಿ, ಹೇಳಿ.