ಯೌವನದ ಸದ್ದಿಗೆ ಐವತ್ತು ತುಂಬಿದಾಗ

'ಇಂಡಿ ಪಾಪ್' ಎಂಬ ಹೆಸರು ಮೊದಲಿಗೆ ಒಂದು ಪ್ರಕಟಣಾ ಕ್ರಮವನ್ನು ಸೂಚಿಸುತ್ತಿತ್ತು. ದೊಡ್ಡ ಧ್ವನಿಮುದ್ರಣ ಕಂಪನಿಗಳ ಹಂಗಿಲ್ಲದೆ ಸಣ್ಣ ಸ್ವತಂತ್ರ ಸಂಸ್ಥೆಗಳ ಮೂಲಕ ಹಾಡುಗಳನ್ನು ಹೊರತರುವುದೇ ಆ ಕ್ರಮ. ಬರಬರುತ್ತ ಅದು ಒಂದು ಶೈಲಿಯ ಹೆಸರಾಯಿತು: ಆರ್ಭಟವಿಲ್ಲದ ಕಂಠ, ಸರಳವಾದ ಗಿಟಾರ್, ದಿನನಿತ್ಯದ ಬದುಕಿನ ಮಾತು. ಪದಕ್ಕೆ ಇಲ್ಲಿರುವ ಪ್ರಾಶಸ್ತ್ಯ ಭಾವಗೀತೆ ಕೇಳಿ ಬೆಳೆದವರಿಗೆ ಅಪರಿಚಿತವೆನಿಸದು. ಈ ಶೈಲಿಯ ತವರುಗಳಲ್ಲಿ ಒಂದಾದ ಗ್ಲಾಸ್ಗೋ ನಗರದಲ್ಲಿ 1980ರ ಸುಮಾರಿಗೆ ಹಾಡುಗಳನ್ನು ಪ್ರಕಟಿಸತೊಡಗಿದ 'ಪೋಸ್ಟ್‌ಕಾರ್ಡ್ ರೆಕಾರ್ಡ್ಸ್' ಸಂಸ್ಥೆಯ ಘೋಷವಾಕ್ಯ 'ತರುಣ ಸ್ಕಾಟ್ಲೆಂಡಿನ ಸದ್ದು' ಎಂಬುದಾಗಿತ್ತು. ತಾರುಣ್ಯವನ್ನೇ ಗುರುತಾಗಿಸಿಕೊಂಡ ಸಂಗೀತವು ಕಲಾವಿದರಿಗೆ ಐವತ್ತು ತುಂಬಿದಾಗ ಏನಾಗಬೇಕು? ಅದೇ ನಗರದ ಎರಡು ಹಿರಿಯ ತಂಡಗಳ ಇತ್ತೀಚಿನ ಮೂರು ಆಲ್ಬಮ್‌ಗಳು ಈ ಪ್ರಶ್ನೆಗೆ ಬೇರೆಬೇರೆ ಉತ್ತರ ಕೊಡುತ್ತವೆ.

'ಬೆಲ್ ಆ್ಯಂಡ್ ಸೆಬಾಸ್ಟಿಯನ್' ತಂಡ 1996ರಲ್ಲಿ ಹುಟ್ಟಿತು. ಕಾಲೇಜೊಂದರ ಸಂಗೀತೋದ್ಯಮ ತರಗತಿಯ ಮೂಲಕ ಹೊರಬಂದ ಮೊದಲ ಆಲ್ಬಮ್ 'ಟೈಗರ್‌ಮಿಲ್ಕ್' ಅಚ್ಚಾದದ್ದು ಕೇವಲ 1000 ಪ್ರತಿ. ತಂಡದ ಮುಖ್ಯ ಗೀತರಚನಕಾರ ಸ್ಟುವರ್ಟ್ ಮರ್ಡಾಕ್ ಅದಕ್ಕೂ ಮುನ್ನ ದೀರ್ಘಕಾಲೀನ ದಣಿವಿನ ಕಾಯಿಲೆಯಿಂದ ವರ್ಷಗಟ್ಟಲೆ ಮನೆಹಿಡಿದಿದ್ದರು. ಹಾಡು ಕಟ್ಟಲು ಕಲಿತದ್ದು ಆ ಕಾಲದಲ್ಲಿಯೇ. ವೈದ್ಯನಾದ ನನಗೆ ಅವರ ಹಳೆಯ ಹಾಡುಗಳ ಕ್ಷೀಣವಾದ ದನಿಯಲ್ಲಿ ಶಕ್ತಿಯನ್ನು ಅಳೆದು ಖರ್ಚು ಮಾಡುವವನ ಎಚ್ಚರ ಕೇಳಿಸುತ್ತದೆ.

2022ರ 'ಎ ಬಿಟ್ ಆಫ್ ಪ್ರೀವಿಯಸ್' ಸಾಂಕ್ರಾಮಿಕದ ಕಾರಣ ಹೊರದೇಶಕ್ಕೆ ಹೋಗಲಾಗದೆ ಗ್ಲಾಸ್ಗೋದಲ್ಲಿಯೇ ಧ್ವನಿಮುದ್ರಿತವಾದ ಆಲ್ಬಮ್. ಮೊದಲ ಹಾಡೇ ಕಳೆದ ಯೌವನದ ಮೂಢತನವನ್ನು ನಗುತ್ತ ನೋಡುತ್ತದೆ. ನಡುವಯಸ್ಸನ್ನು ಮರೆಮಾಚದ ಈ ಕೃತಿಯನ್ನು ತಂಡದ ಒಳ್ಳೆಯ ಆಲ್ಬಮ್‌ಗಳ ಸಾಲಿನಲ್ಲಿ ಇಡಬಹುದು. ಅದೇ ಅವಧಿಯ ಧ್ವನಿಮುದ್ರಣಗಳಿಂದ ರೂಪುಗೊಂಡು 2023ರ ಜನವರಿಯಲ್ಲಿ ಬಂದ 'ಲೇಟ್ ಡೆವಲಪರ್ಸ್' ಬಗ್ಗೆ ನನಗೆ ಅಷ್ಟು ಮೆಚ್ಚುಗೆಯಿಲ್ಲ. ಅದರ ಕೆಲವು ಹಾಡುಗಳು ಇಂದಿನ ರೇಡಿಯೊಗೆ ಒಪ್ಪುವ ಹೊಳಪನ್ನು ಬಳಿದುಕೊಂಡಿವೆ. ಆ ಹೊಳಪಿನಡಿಯಲ್ಲಿ ತಂಡಕ್ಕೇ ವಿಶಿಷ್ಟವಾದ ಸಂಕೋಚ ಮರೆಯಾಗುತ್ತದೆ.

'ಕ್ಯಾಮೆರಾ ಅಬ್ಸ್‌ಕ್ಯೂರಾ' ತಂಡದ ಕಥೆ ಇನ್ನೂ ಗಂಭೀರ. ಇದರ ಕೀಬೋರ್ಡ್ ವಾದಕಿ ಕ್ಯಾರಿ ಲ್ಯಾಂಡರ್ 2015ರಲ್ಲಿ, ತಮ್ಮ 33ನೆಯ ವಯಸ್ಸಿನಲ್ಲಿ, ಆಸ್ಟಿಯೊಸಾರ್ಕೋಮಾದಿಂದ ತೀರಿಕೊಂಡರು. ಮೂಳೆಯಲ್ಲಿಯೇ ಹುಟ್ಟುವ ಈ ವಿರಳ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದು ಹದಿಹರೆಯದವರಲ್ಲಿ ಮತ್ತು ತರುಣರಲ್ಲಿ. ತಮ್ಮ ಕೊನೆಯ ತಿಂಗಳುಗಳಲ್ಲಿ ಅವರು ಈ ರೋಗದ ಸಂಶೋಧನೆಗಾಗಿ ನಿಧಿ ಸಂಗ್ರಹಿಸಿದರು. ಅನಂತರ ತಂಡ ದೀರ್ಘಕಾಲ ಮೌನವಾಗಿತ್ತು. 2013ರ ಆಲ್ಬಮ್‌ನ ತರುವಾಯ ಮುಂದಿನದು, 'ಲುಕ್ ಟು ದಿ ಈಸ್ಟ್, ಲುಕ್ ಟು ದಿ ವೆಸ್ಟ್', ಬಂದದ್ದು 2024ರಲ್ಲಿ. ಹಿಂದಿನ ಆಲ್ಬಮ್‌ಗಳ ವೈಭವದ ತಂತಿವಾದ್ಯ ಮೇಳ ಇದರಲ್ಲಿಲ್ಲ. ಪಿಯಾನೊ, ಆರ್ಗನ್‌ಗಳಿಗೆ ಪ್ರಾಧಾನ್ಯ. ಗಾಯಕಿ ಟ್ರೇಸಿಆ್ಯನ್ ಕ್ಯಾಂಪ್‌ಬೆಲ್ ಅಗಲಿದ ಗೆಳತಿಯನ್ನು ನೆನೆಯುವ 'ಶುಗರ್ ಆಮಂಡ್' ಎಂಬ ಹಾಡಿನಲ್ಲಿ ಎಲ್ಲಿಯೂ ಗೋಳಾಟವಿಲ್ಲ. ಮೂರರಲ್ಲಿ ಇದೇ ಶ್ರೇಷ್ಠವೆಂಬುದು ನನ್ನ ಅಭಿಪ್ರಾಯ. ಇಪ್ಪತ್ತೈದರ ವಯಸ್ಸಿನಲ್ಲಿ ಈ ತಂಡ ಇದನ್ನು ರಚಿಸಲು ಸಾಧ್ಯವಿರಲಿಲ್ಲ.

ಹಿರಿಯ ತಂಡಗಳ ಹೊಸ ಕೃತಿಗಳಿಗೆ ಸಾಮಾನ್ಯವಾಗಿ ಸಿಗುವ ತೀರ್ಪು 'ಹಳೆಯದೇ ಚೆನ್ನಾಗಿತ್ತು' ಎಂಬುದು. ಇದಕ್ಕೆ ಭಾಗಶಃ ನಮ್ಮ ಮಿದುಳೇ ಕಾರಣ. ಹದಿಹರೆಯದಿಂದ ಮೂವತ್ತರೊಳಗಿನ ಅನುಭವಗಳು ಉಳಿದ ಕಾಲದವುಗಳಿಗಿಂತ ಹೆಚ್ಚಾಗಿ ನೆನಪಿನಲ್ಲಿ ಉಳಿಯುತ್ತವೆಂದು ಮನಶ್ಶಾಸ್ತ್ರಜ್ಞರು ಗುರುತಿಸಿದ್ದಾರೆ. ಸಂಗೀತಕ್ಕೂ ಈ ಮಾತು ಸಲ್ಲುತ್ತದೆ. ಹೀಗಾಗಿ ಹಳೆಯ ಆಲ್ಬಮ್‌ನೊಡನೆ ನಾವು ಹೋಲಿಸುವುದು ಎಷ್ಟೋ ಬಾರಿ ಹೊಸ ಹಾಡನ್ನಲ್ಲ, ನಮ್ಮ ಈಗಿನ ವಯಸ್ಸನ್ನು. ಊರು ಬಿಟ್ಟು ಬಂದ ನಮಗೆ ಈ ಪಕ್ಷಪಾತ ಇನ್ನೂ ಗಾಢ. ಹೊರಟ ದಿನದ ಊರನ್ನೇ ನಾವು ಅಳತೆಗೋಲಾಗಿ ಇಟ್ಟುಕೊಂಡಿರುತ್ತೇವೆ.

ಆದುದರಿಂದ ಓದುಗರಿಗೆ ನನ್ನ ಸೂಚನೆ ಸರಳ. ಈ ತಂಡಗಳನ್ನು ಹೊಸದಾಗಿ ಕೇಳುವವರು 2024ರ ಆಲ್ಬಮ್‌ನಿಂದ ಆರಂಭಿಸಿ, ಬಳಿಕ 1996ಕ್ಕೆ ಹಿಂದಿರುಗಲಿ. ಹಳೆಯ ಅಭಿಮಾನಿಗಳು ಹೊಸದನ್ನು ಮೂರು ಬಾರಿಯಾದರೂ ಕೇಳುವ ತನಕ ತೀರ್ಪನ್ನು ಕಾದಿರಿಸಲಿ.