ಮೈಸೂರು ರಾಕೆಟ್ಟುಗಳು

ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ (1761–1799) ಮೈಸೂರು ಸೈನ್ಯ ನೆಲದಿಂದ ನೆಲಕ್ಕೆ ಹಾರಿಸುತ್ತಿದ್ದ ಯುದ್ಧಾಸ್ತ್ರ. ಕಬ್ಬಿಣದ ಕೊಳವೆಯೊಳಗೆ ಮದ್ದು ಜಡಿದು, ಅದಕ್ಕೆ ಬಿದಿರು ಗಳುವನ್ನೋ ಕತ್ತಿಯ ಅಲಗನ್ನೋ ಕಟ್ಟಿ ಬತ್ತಿಗೆ ಬೆಂಕಿ ಹಚ್ಚುತ್ತಿದ್ದರು. ಇದನ್ನು ಕಂಡುಹಿಡಿದವರು ಯಾರು, ಎಷ್ಟು ದೂರ ಹೋಗುತ್ತಿತ್ತು ಎಂಬ ಪ್ರಶ್ನೆಗಳಿಗೆ ಒಂದೊಂದು ಪುಸ್ತಕದಲ್ಲಿ ಒಂದೊಂದು ಉತ್ತರವಿದೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ ಸಿಕ್ಕ ರಾಕೆಟ್ಟುಗಳ ರಾಶಿಯಿಂದಾಗಿ ಹಳೆಯ ಬರಹಗಳನ್ನೆಲ್ಲ ಮತ್ತೆ ಒರೆಗೆ ಹಚ್ಚಬೇಕಾಗಿದೆ.

ಟಿಪ್ಪುವೇ ರಾಕೆಟ್ಟನ್ನು ಕಂಡುಹಿಡಿದನೆಂಬ ಮಾತು ಜನಪ್ರಿಯವಾದರೂ ಅದಕ್ಕೆ ಆಧಾರವಿಲ್ಲ. ಮೊಗಲರ ಸೈನ್ಯದಲ್ಲಿ ಯುದ್ಧಕ್ಕೆ ಬಳಸುವ ಬಾಣಗಳಿದ್ದವು (ರಾಕೆಟ್ಟಿಗೆ ಆಗ ಬಾಣವೆಂದೇ ಹೆಸರು), ಮರಾಠರಲ್ಲೂ ಇದ್ದವು. ಹೈದರನ ತಂದೆ ಫತೇ ಮಹಮ್ಮದ್ ಆರ್ಕಾಟಿನ ನವಾಬನ ಕೈಕೆಳಗೆ ಐವತ್ತು ಮಂದಿ ಬಾಣದವರ ನಾಯಕನಾಗಿದ್ದನು. ಮೈಸೂರಿನ ಹೆಚ್ಚುಗಾರಿಕೆ ಇರುವುದು ಕೊಳವೆಯಲ್ಲಿ. ಯೂರೋಪಿನವರು ಮದ್ದನ್ನು ಕಾಗದದ ಕೊಳವೆಯಲ್ಲಿ ತುಂಬುತ್ತಿದ್ದ ಕಾಲದಲ್ಲಿ ಇಲ್ಲಿ ಬಡಿದು ಸುತ್ತಿದ ಮೆದು ಕಬ್ಬಿಣ ಬಳಕೆಗೆ ಬಂದಿತ್ತು. ಕಬ್ಬಿಣ ಒಡೆಯದೆ ಹೆಚ್ಚಿನ ಒತ್ತಡ ತಡೆಯುವುದರಿಂದ ಮದ್ದನ್ನು ಬಿಗಿಯಾಗಿ ಜಡಿಯಬಹುದು. ಆಗ ಹಿಂದಿನ ರಂಧ್ರದಿಂದ ನುಗ್ಗುವ ಅನಿಲದ ವೇಗವೂ ಅಸ್ತ್ರ ಹಾರುವ ದೂರವೂ ಹೆಚ್ಚುತ್ತವೆ. ಮೈಸೂರು ಸೀಮೆಯಲ್ಲಿ ಕಬ್ಬಿಣ ಕರಗಿಸುವ ಕಸುಬು ಎಷ್ಟು ಹರಡಿತ್ತೆಂಬುದಕ್ಕೆ 1800–01ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್‌ನ ಕುಲುಮೆ ವರ್ಣನೆಗಳೇ ಸಾಕ್ಷಿ.

ಇಂಗ್ಲೆಂಡಿನ ವೂಲಿಚ್ ವಸ್ತುಸಂಗ್ರಹಾಲಯದಲ್ಲಿದ್ದ ಎರಡು ಮಾದರಿಗಳ ಅಳತೆ ದಾಖಲಾಗಿದೆ. ಒಂದರ ಕೊಳವೆ 58 ಮಿ.ಮೀ. ದಪ್ಪ, 254 ಮಿ.ಮೀ. ಉದ್ದ, ಸುಮಾರು ಒಂದು ಮೀಟರ್ ಉದ್ದದ ನೇರ ಕತ್ತಿಗೆ ಅದನ್ನು ತೊಗಲಿನ ಪಟ್ಟಿಯಿಂದ ಬಿಗಿಯಲಾಗಿದೆ. ಇನ್ನೊಂದು 37 ಮಿ.ಮೀ. ದಪ್ಪದ್ದು, 198 ಮಿ.ಮೀ. ಉದ್ದದ್ದು, ಅದರ ಬಿದಿರು ಗಳು 1.9 ಮೀಟರ್ ಇದೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಪ್ರಕಟಿಸಿದ ವರದಿ ಈ ವಿಷಯದಲ್ಲಿ ಇಂದಿಗೂ ಮೊದಲು ಓದಬೇಕಾದ ಬರಹ. ಕಬ್ಬಿಣದ ಕೊಳವೆಯ ಮಹತ್ವವನ್ನು ಎಂಜಿನಿಯರನ ಕಣ್ಣಿನಿಂದ ವಿವರಿಸಿದ ಶ್ರೇಯಸ್ಸು ಅವರದು.

ಹಾರುವ ದೂರದ ಅಂಕಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಸುಮಾರು ಒಂದು ಪೌಂಡ್ ಮದ್ದಿನ ರಾಕೆಟ್ ಸಾವಿರ ಗಜ, ಅಂದರೆ 900 ಮೀಟರಿನಷ್ಟು ಹೋಗುತ್ತಿತ್ತೆಂದು ಕೆಲವರು ಬರೆದರೆ, 2.4 ಕಿಲೋಮೀಟರ್ ಎಂಬ ಅಂಕಿ ಅದಕ್ಕಿಂತ ಹೆಚ್ಚು ಪ್ರಚಾರದಲ್ಲಿದೆ. ಕೊಳವೆಗಳ ಗಾತ್ರ ಬೇರೆಬೇರೆ ಇದ್ದುದರಿಂದ ಎರಡೂ ನಿಜವಿರಬಹುದು. ಆದರೆ ದೊಡ್ಡ ಅಂಕಿಯನ್ನು ಎಲ್ಲ ರಾಕೆಟ್ಟುಗಳಿಗೂ ಅನ್ವಯಿಸುವುದು ತಪ್ಪು. ಗುರಿ ಹಿಡಿಯುವುದರಲ್ಲಿ ಇವು ನೆಚ್ಚಿಕೆಯವಲ್ಲ. ಒಟ್ಟಾಗಿ ಹಾರಿಸಿ ಗುಂಪು ಚದುರಿಸುವುದು, ಕುದುರೆ ಮತ್ತು ಎತ್ತುಗಳನ್ನು ಬೆದರಿಸುವುದು, ಮದ್ದಿಗೆ ಬೆಂಕಿ ಹೊತ್ತಿಸುವುದು ಇವುಗಳ ಕೆಲಸ. ಹೈದರನಲ್ಲಿ 1,200ರಷ್ಟಿದ್ದ ಬಾಣದವರ ಸಂಖ್ಯೆ ಟಿಪ್ಪುವಿನ ಕಾಲಕ್ಕೆ 5,000ಕ್ಕೆ ಏರಿತೆನ್ನುತ್ತಾರೆ.

1780ರ ಸೆಪ್ಟೆಂಬರ್ 10ರ ಪೊಲ್ಲಿಲೂರು ಕದನವನ್ನು ರಾಕೆಟ್ಟುಗಳ ಗೆಲುವೆಂದೇ ಹೇಳುವ ರೂಢಿಯಿದೆ. ಅಲ್ಲಿ ಮೈಸೂರಿಗೆ ಸೋತ ಇಂಗ್ಲಿಷರ ಕರ್ನಲ್ ಬೈಲಿಯ ದಂಡಿನ ಮದ್ದಿನ ಬಂಡಿಗಳು ಸಿಡಿದವೆಂಬುದರಲ್ಲಿ ಅನುಮಾನವಿಲ್ಲ. ಸಿಡಿಸಿದ್ದು ರಾಕೆಟ್ಟೋ ಫಿರಂಗಿ ಗುಂಡೋ ಎಂಬಲ್ಲಿ ಬರಹಗಾರರು ಒಮ್ಮತಕ್ಕೆ ಬಂದಿಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಡುಗೋಡೆಯ ಚಿತ್ರದಲ್ಲಿ ಸ್ಫೋಟವಿದೆ, ಪಲ್ಲಕ್ಕಿಯಲ್ಲಿ ಕುಳಿತ ಬೈಲಿ ಇದ್ದಾನೆ, ದುರ್ಬೀನು ಹಿಡಿದ ಫ್ರೆಂಚ್ ಅಧಿಕಾರಿ ಲಾಲಿಯೂ ಇದ್ದಾನೆ. ಆದರೆ ಅದು ಗೆದ್ದವರು ಬರೆಸಿದ ಚಿತ್ರ. ಸ್ಫೋಟದ ಕಾರಣಕ್ಕೆ ಅದನ್ನೇ ಪ್ರಮಾಣವಾಗಿ ಹಿಡಿಯಲಾಗದು.

1799ರ ಶ್ರೀರಂಗಪಟ್ಟಣ ಮುತ್ತಿಗೆಯ ದಾಖಲೆ ಇದಕ್ಕಿಂತ ಸ್ಪಷ್ಟ. ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆ ತೋಪಿನಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ತುಕಡಿ ರಾಕೆಟ್ ಮತ್ತು ಕೋವಿಗಳ ಹೊಡೆತಕ್ಕೆ ಸಿಕ್ಕಿ ಕತ್ತಲಲ್ಲಿ ಚದುರಿತು. ಮುಂದೆ ವಾಟರ್‌ಲೂನಲ್ಲಿ ಗೆದ್ದ ವೆಲಿಂಗ್‌ಟನ್ ಇವನೇ. ಮರುದಿನ ಬೆಳಕಿನಲ್ಲಿ ತೋಪು ಇಂಗ್ಲಿಷರ ವಶವಾಯಿತು. ಮೇ 2ರಂದು ಕೋಟೆಯೊಳಗಿನ ರಾಕೆಟ್ ದಾಸ್ತಾನಿಗೆ ಗುಂಡು ಬಿದ್ದು ಭಾರಿ ಸ್ಫೋಟವಾಯಿತು. ಮೇ 4ರಂದು ಕೋಟೆ ಬಿದ್ದ ಮೇಲೆ ಹಾರಿಸಲು ಸಿದ್ಧವಿದ್ದ 700 ರಾಕೆಟ್ಟುಗಳೂ 9,000 ಖಾಲಿ ಕೊಳವೆಗಳೂ ಸಿಕ್ಕವೆಂದು ನರಸಿಂಹ ಅವರ ವರದಿ ಹೇಳುತ್ತದೆ.

ಇಂಗ್ಲೆಂಡಿನಲ್ಲಿ ವಿಲಿಯಂ ಕಾಂಗ್ರೀವ್ 1804ರ ಸುಮಾರಿಗೆ ವೂಲಿಚ್‌ನಲ್ಲಿ ಯುದ್ಧದ ರಾಕೆಟ್ಟುಗಳ ಪ್ರಯೋಗ ಆರಂಭಿಸಿದನು. ಅವನ ರಾಕೆಟ್ಟುಗಳು 1806ರಲ್ಲಿ ಬೂಲೋನ್ ಮೇಲೆ, 1807ರಲ್ಲಿ ಕೋಪನ್‌ಹೇಗನ್ ಮೇಲೆ, 1814ರಲ್ಲಿ ಬಾಲ್ಟಿಮೋರಿನ ಮೆಕ್‌ಹೆನ್ರಿ ಕೋಟೆಯ ಮೇಲೆ ಬಿದ್ದವು. ಅವನಿಗೆ ಮೈಸೂರೇ ಮಾದರಿಯೆಂಬುದು ಬಹುಮತದ ಅಭಿಪ್ರಾಯ. 1803ರಲ್ಲಿ ಡಬ್ಲಿನ್‌ನಲ್ಲಿ ದಂಗೆಯೆದ್ದ ರಾಬರ್ಟ್ ಎಮ್ಮೆಟ್‌ನ ಕಡೆಯವರೂ ರಾಕೆಟ್ ತಯಾರಿಸಿದ್ದರಿಂದ ಐರ್ಲೆಂಡಿನ ಪಾಲನ್ನೂ ಎಣಿಸಬೇಕೆಂಬ ವಾದವಿದೆ. ಭಾರತದಲ್ಲಿ ರಾಕೆಟ್ ಬಳಕೆಯಲ್ಲಿದ್ದುದು ಕಾಂಗ್ರೀವ್‌ಗೆ ತಿಳಿದಿತ್ತು. ಎಷ್ಟನ್ನು ಅನುಕರಿಸಿದ, ಎಷ್ಟನ್ನು ತಾನೇ ಕಂಡುಕೊಂಡ ಎಂಬುದರಲ್ಲಷ್ಟೇ ಭಿನ್ನಾಭಿಪ್ರಾಯ.

ಇಂದಿನ ಭಾರತದ ಕ್ಷಿಪಣಿಗಳು ಟಿಪ್ಪುವಿನ ರಾಕೆಟ್ಟಿನಿಂದ ನೇರವಾಗಿ ಬೆಳೆದವೆನ್ನುವುದು ಇನ್ನೊಂದು ಗೊಂದಲ. 1988ರ ಫೆಬ್ರವರಿ 25ರಂದು ಮೊದಲು ಹಾರಿದ, 150 ಕಿ.ಮೀ. ವ್ಯಾಪ್ತಿಯ ‘ಪೃಥ್ವಿ’ಯ ಎಂಜಿನ್ ಸೋವಿಯತ್ ಕ್ಷಿಪಣಿಯೊಂದರ ತಂತ್ರಜ್ಞಾನಕ್ಕೆ ಋಣಿ. ಮೈಸೂರಿನಿಂದ ಅಲ್ಲಿಗೆ ಇರುವುದು ನೆನಪಿನ ನಂಟು ಮಾತ್ರ. ಆ ನೆನಪೂ ಸಣ್ಣದಲ್ಲ: ಅಮೆರಿಕದ ವಾಲಪ್ಸ್ ಕೇಂದ್ರದಲ್ಲಿ ಟಿಪ್ಪುವಿನ ರಾಕೆಟ್ ಯುದ್ಧದ ಚಿತ್ರ ಕಂಡುದನ್ನು ಎ.ಪಿ.ಜೆ. ಅಬ್ದುಲ್ ಕಲಾಂ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ.

ನಗರ ಎಂದರೆ ಕೆಳದಿ ಅರಸರ ಬಿದನೂರು. 1763ರಲ್ಲಿ ಹೈದರನು ಅದನ್ನು ಗೆದ್ದು ಹೈದರನಗರವೆಂದು ಹೆಸರಿಟ್ಟನು. 2002ರಲ್ಲಿ ಅಲ್ಲಿ ಬಾವಿಯ ಹೂಳು ತೆಗೆಯುವಾಗ ತುಕ್ಕು ಹಿಡಿದ ನೂರಕ್ಕೂ ಹೆಚ್ಚು ಕೊಳವೆಗಳು ಸಿಕ್ಕವು. ಮೊದಲು ಅವನ್ನು ಫಿರಂಗಿ ಗುಂಡುಗಳೆಂದೇ ತಿಳಿದು ಎತ್ತಿಡಲಾಗಿತ್ತು. ಅವು ರಾಕೆಟ್ಟುಗಳೆಂದು ಗೊತ್ತಾಗಲು ವರ್ಷಗಳೇ ಬೇಕಾದವು. 2018ರ ಜುಲೈನಲ್ಲಿ ರಾಜ್ಯ ಪುರಾತತ್ವ ಇಲಾಖೆಯ ಆರ್. ಶೇಜೇಶ್ವರ ನಾಯಕ ಅವರ ತಂಡ ಬತ್ತಿದ ಬಾವಿಯನ್ನು ಅಗೆಯಿತು. ಹೊರಬಂದ ಕೆಸರಿನಲ್ಲಿ ಮದ್ದಿನ ವಾಸನೆಯಿತ್ತು. ಮೂರು ದಿನಗಳಲ್ಲಿ 23ರಿಂದ 26 ಸೆಂ.ಮೀ. ಉದ್ದದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ದೊರೆತವು. ಈ ಉದ್ದ ವೂಲಿಚ್‌ನ ದೊಡ್ಡ ಮಾದರಿಗೆ ಬಹುಮಟ್ಟಿಗೆ ಹೊಂದುತ್ತದೆ. ಅಷ್ಟರವರೆಗೆ ಎರಡು ಮಾದರಿಗಳ ಅಳತೆಯ ಮೇಲೆ ನಿಂತಿದ್ದ ಚರಿತ್ರೆಗೆ ಇದರಿಂದ ಗಟ್ಟಿ ಆಧಾರ ಸಿಕ್ಕಿತು. ವೂಲಿಚ್‌ನ ಸಂಗ್ರಹಾಲಯ 2016ರಲ್ಲಿ ಮುಚ್ಚಿದೆ. ಮೈಸೂರು ರಾಕೆಟ್ಟುಗಳ ಅತಿ ದೊಡ್ಡ ಸಂಗ್ರಹ ಈಗ ನಗರದಲ್ಲಿ ಸಿಕ್ಕವನ್ನು ಇಟ್ಟಿರುವ ಶಿವಮೊಗ್ಗದ್ದು.