ಕೈ ಎತ್ತದವರಿಗೊಂದು ಗುಂಡಿ

‘ಅರ್ಥವಾಯಿತೇ?’ ಎಂದು ಅಧ್ಯಾಪಕರು ಕೇಳುತ್ತಾರೆ. ಮುಂದಿನ ಸಾಲಿನ ನಾಲ್ಕಾರು ತಲೆಗಳು ಅಲ್ಲಾಡುತ್ತವೆ. ಹಿಂದಿನ ಸಾಲುಗಳು ಸುಮ್ಮನಿರುತ್ತವೆ. ಪಾಠ ಮುಂದಕ್ಕೆ ಹೋಗುತ್ತದೆ.

ಇನ್ನೂರು, ಮುನ್ನೂರು ವಿದ್ಯಾರ್ಥಿಗಳನ್ನು ಒಂದೇ ಸಭಾಂಗಣದಲ್ಲಿ ಕೂರಿಸಿ ಪಾಠ ಹೇಳುವ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಈ ಮೌನ ಹಳೆಯ ತಲೆನೋವು. ಕೈ ಎತ್ತಿ ಎಂದರೂ ಅಷ್ಟೇ. ಜಾಣನೆನಿಸಿಕೊಂಡವನ ಕೈ ಮೇಲೇಳುವುದನ್ನು ನೋಡಿಕೊಂಡು ಉಳಿದವರು ಎತ್ತುತ್ತಾರೆ. ಈ ಮೌನ ಮುರಿಯಲೆಂದು ಬಂದ ಪುಟ್ಟ ಯಂತ್ರವೇ ‘ಕ್ಲಿಕ್ಕರ್’. ‘ಕನ್ನಡದ ಕೋಟ್ಯಧಿಪತಿ’ಯಲ್ಲಿ ಸ್ಪರ್ಧಿಗೆ ಉತ್ತರ ತೋಚದಿದ್ದಾಗ ಪ್ರೇಕ್ಷಕರು ಗುಂಡಿ ಒತ್ತಿ ನೆರವಾಗುತ್ತಿದ್ದುದನ್ನು ನೆನಪಿಸಿಕೊಂಡರೆ ಸಾಕು, ತರಗತಿಯಲ್ಲಿ ಇರುವುದೂ ಅಂಥದೇ ಏರ್ಪಾಡು. ಪರದೆಯ ಮೇಲೆ ಪ್ರಶ್ನೆ, ಅದರ ಕೆಳಗೆ ನಾಲ್ಕೈದು ಉತ್ತರಗಳು. ಪ್ರತಿಯೊಬ್ಬರೂ ಒಂದನ್ನು ಒತ್ತುತ್ತಾರೆ. ಎಷ್ಟು ಮಂದಿ ಯಾವುದನ್ನು ಆರಿಸಿದರೆಂದು ಕ್ಷಣದಲ್ಲಿ ತಿಳಿಯುತ್ತದೆ. ಯಾರ ಉತ್ತರ ಯಾವುದೆಂದು ಪಕ್ಕದವರಿಗೆ ತಿಳಿಯುವುದಿಲ್ಲ.

ಯಂತ್ರವೇನೂ ಹೊಸದಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1966ರಲ್ಲಿ, ಕಾರ್ನೆಲ್‌ನಲ್ಲಿ 1968ರಲ್ಲಿ ಇಂಥ ವ್ಯವಸ್ಥೆಯನ್ನು ಅಳವಡಿಸಲಾಗಿತ್ತು. ವಿದ್ಯಾರ್ಥಿಗಳಿಗೆ ಅದು ಇಷ್ಟವಾಯಿತು. ಆದರೆ ಕಲಿಕೆ? ಆ ಕಾಲದ ಅಧ್ಯಯನಗಳನ್ನೆಲ್ಲ 2002ರಲ್ಲಿ ಒಟ್ಟಾಗಿ ನೋಡಿದ ಸಂಶೋಧಕರಾದ ಜಡ್ಸನ್ ಮತ್ತು ಸವಾಡ ಅವರಿಗೆ, ಗುಂಡಿ ಒತ್ತಿದವರ ಅಂಕಗಳಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ. ಪಾಠದ ಕ್ರಮ ಹಿಂದಿನಂತೆಯೇ ಇತ್ತು, ನಡುವೆ ಯಂತ್ರವೊಂದು ಬಂದು ಕುಳಿತಿತ್ತು. ಒಂದು ಸಂಗತಿ ಮಾತ್ರ ಕುತೂಹಲದ್ದು. ಕಾರ್ನೆಲ್‌ನ ಭೌತಶಾಸ್ತ್ರಜ್ಞ ರಾಫೆಲ್ ಲಿಟಾವರ್, ಉತ್ತರ ಒತ್ತುವ ಹೊತ್ತಿನಲ್ಲಿ ಅಕ್ಕಪಕ್ಕದವರು ತಾವಾಗಿಯೇ ಚರ್ಚೆಗಿಳಿಯುವುದನ್ನು ಗಮನಿಸಿ 1972ರಲ್ಲಿ ಬರೆದಿದ್ದರು. ಆ ಗುಸುಗುಸುವಿನ ಬೆಲೆ ತಿಳಿಯಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು.

ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1984ರಿಂದ ಅಲ್ಲಿ ಪಾಠ ಹೇಳುತ್ತಿದ್ದರು. ವಿದ್ಯಾರ್ಥಿಗಳ ಮೆಚ್ಚುಗೆಯೂ ಇತ್ತು. ಆದರೆ ಭೌತಶಾಸ್ತ್ರದ ವಿದ್ಯಾರ್ಥಿಗಳು ಸೂತ್ರ ಕಲಿತರೂ ಮೂಲ ಕಲ್ಪನೆ ಕಲಿಯುತ್ತಿಲ್ಲ ಎಂಬ ಅರಿಜೋನಾದ ಸಂಶೋಧಕರ ಲೇಖನವೊಂದು 1990ರಲ್ಲಿ ಅವರ ಕಣ್ಣಿಗೆ ಬಿತ್ತು. ಹಾರ್ವರ್ಡ್‌ನಲ್ಲಿ ಹಾಗಿರಲಾರದೆಂದುಕೊಂಡು ಅದೇ ಪರೀಕ್ಷೆಯನ್ನು ತಮ್ಮ ತರಗತಿಗೂ ಕೊಟ್ಟರು. ಭಾರದ ಲಾರಿಯೂ ಪುಟ್ಟ ಕಾರೂ ಡಿಕ್ಕಿಯಾದಾಗ ಯಾವುದು ಯಾವುದರ ಮೇಲೆ ಹೆಚ್ಚು ಬಲ ಹಾಕುತ್ತದೆ ಎಂಬಂಥ ಸರಳ ಪ್ರಶ್ನೆಗಳು ಅವು. ನ್ಯೂಟನ್ನನ ಮೂರನೆಯ ನಿಯಮದ ಪ್ರಕಾರ ಎರಡೂ ಸಮ. ನಿಯಮವನ್ನು ಬಾಯಿಪಾಠ ಹೇಳಬಲ್ಲವರೂ ಲಾರಿಯದೇ ಹೆಚ್ಚು ಎಂದುಬಿಡುತ್ತಾರೆ. ಒಬ್ಬ ವಿದ್ಯಾರ್ಥಿನಿಯಂತೂ, ನೀವು ಕಲಿಸಿದಂತೆ ಬರೆಯಬೇಕೋ, ನಾನು ಯೋಚಿಸುವಂತೆ ಬರೆಯಬೇಕೋ ಎಂದು ಮಜೂರ್ ಅವರನ್ನೇ ಕೇಳಿದಳು. ಪಾಠ ಹೇಳಿದವರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕೇ?

ತಪ್ಪಿದ ಪ್ರಶ್ನೆಯನ್ನು ಮಜೂರ್ ಮತ್ತೆ ಮತ್ತೆ ವಿವರಿಸಿದರು. ಗೊಂದಲ ಕರಗಲಿಲ್ಲ. ಕೊನೆಗೆ, ನೀವು ನೀವೇ ಮಾತಾಡಿಕೊಳ್ಳಿ ಎಂದರು. ಸಭಾಂಗಣ ಸಂತೆಯಾಯಿತು. ಕೆಲವೇ ನಿಮಿಷಗಳಲ್ಲಿ ಉತ್ತರವೂ ಸಿಕ್ಕಿತು. ಆಗತಾನೇ ಅರ್ಥ ಮಾಡಿಕೊಂಡವನಿಗೆ ಎಡವಿದ ಜಾಗ ಇನ್ನೂ ನೆನಪಿರುತ್ತದೆ. ಎಷ್ಟೋ ವರ್ಷಗಳ ಹಿಂದೆ ಅದನ್ನು ದಾಟಿ ಹೋದ ಪ್ರಾಧ್ಯಾಪಕರಿಗೆ ಅದು ಮರೆತಿರುತ್ತದೆ.

1991ರಿಂದ ಇದೇ ಅವರ ಕ್ರಮವಾಯಿತು. ಮೊದಲು ಪ್ರಶ್ನೆ, ಒಬ್ಬೊಬ್ಬರೇ ಯೋಚಿಸಿ ಉತ್ತರ. ಸರಿಯುತ್ತರ ತೀರ ಕಡಿಮೆಯಿದ್ದರೆ ಮತ್ತೆ ಪಾಠ. ಬಹುಪಾಲು ಸರಿಯಿದ್ದರೆ ಮುಂದಿನ ವಿಷಯ. ನಡುವೆ ಇದ್ದರೆ ಪಕ್ಕದವರೊಡನೆ ವಾದ, ಬಳಿಕ ಮತ್ತೊಮ್ಮೆ ಉತ್ತರ. ಮೊದಲ ವರ್ಷವೇ ಪರಿಕಲ್ಪನೆಗಳ ಪರೀಕ್ಷೆಯಲ್ಲಿ ವಿದ್ಯಾರ್ಥಿಗಳ ಪ್ರಗತಿ ಸರಿಸುಮಾರು ಇಮ್ಮಡಿಯಾಯಿತು. ಯಂತ್ರ ಸೇರಿಕೊಂಡದ್ದು ಆಮೇಲೆ. ಮೊದಮೊದಲು ತಂತಿಯ ‘ಕ್ಲಾಸ್‌ಟಾಕ್’, ಅನಂತರ ಅವಕೆಂಪು ಕಿರಣದ ರಿಮೋಟು, ಇಲಿನಾಯ್ ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞರು ರೂಪಿಸಿದ ರೇಡಿಯೊ ತರಂಗದ ‘ಐಕ್ಲಿಕ್ಕರ್’, ಈಗ ಮೊಬೈಲ್ ಫೋನು.

ಜಾಣನ ಉತ್ತರವನ್ನು ಉಳಿದವರು ನಕಲು ಮಾಡುತ್ತಾರಷ್ಟೇ ಎಂಬ ಆಕ್ಷೇಪ ಸಹಜ. ಕೊಲರಾಡೊ ವಿಶ್ವವಿದ್ಯಾಲಯದ ತಳಿಶಾಸ್ತ್ರದ ತರಗತಿಯಲ್ಲಿ ಇದನ್ನೂ ಒರೆಗೆ ಹಚ್ಚಲಾಯಿತು. ಚರ್ಚೆಯ ನಂತರ ಅದೇ ತತ್ವದ ಬೇರೊಂದು ಪ್ರಶ್ನೆ ಕೊಟ್ಟು ಒಬ್ಬೊಬ್ಬರಿಂದಲೇ ಉತ್ತರ ಪಡೆದರು. ಹೆಚ್ಚು ಮಂದಿಯ ಉತ್ತರ ಸರಿಯಾಗಿತ್ತು. ಗುಂಪಿನಲ್ಲಿ ಯಾರಿಗೂ ಮೊದಲು ಉತ್ತರ ಗೊತ್ತಿಲ್ಲದಿದ್ದಾಗಲೂ ಚರ್ಚೆ ಫಲ ಕೊಟ್ಟಿತ್ತು. ಇದು 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಹಿಂದಿನ ವರ್ಷ ನಥಾನಿಯಲ್ ಲಾಸ್ರಿ ಎಂಬ ಅಧ್ಯಾಪಕರು, ಕ್ಲಿಕ್ಕರ್ ಬದಲು ಅಕ್ಷರ ಬರೆದ ರಟ್ಟಿನ ಕಾರ್ಡು ಎತ್ತಿ ತೋರಿಸಿದವರೂ ಅಷ್ಟೇ ಕಲಿತರೆಂದು ತೋರಿಸಿದ್ದರು. ಯಂತ್ರ ಕೊಳ್ಳಲಾಗದ ಕಾಲೇಜುಗಳಿಗೆ ಇದು ಸಮಾಧಾನದ ಸುದ್ದಿ.

ಆದರೆ ಎಣಿಸಬಲ್ಲ ಯಂತ್ರ ಕೈಗೆ ಬಂದರೆ ಹಾಜರಿ ಎಣಿಸುವ ಆಸೆಯೂ ಬರುತ್ತದೆ. ಅನೇಕ ಕಡೆ ಕ್ಲಿಕ್ಕರ್ ಒತ್ತಿದ್ದಕ್ಕೇ ಅಂಕ ಎಂದಾಯಿತು. ಆಗ ನಮ್ಮ ಕಾಲೇಜುಗಳ ‘ಪ್ರಾಕ್ಸಿ’ಗೆ ಅಲ್ಲಿಯೂ ಹೊಸ ರೂಪ ಬಂತು, ಗೆಳೆಯನ ಕೈಗೆ ಕ್ಲಿಕ್ಕರ್ ಕೊಟ್ಟು ತಾನು ಹಾಸ್ಟೆಲಿನಲ್ಲಿ ಮಲಗುವುದು! 2014ರಲ್ಲಿ ಡಾರ್ಟ್‌ಮತ್ ಕಾಲೇಜಿನ ಒಂದೇ ತರಗತಿಯ 64 ವಿದ್ಯಾರ್ಥಿಗಳು ಇಂಥ ಆರೋಪಕ್ಕೆ ಗುರಿಯಾದರು. ಆ ಪಾಠದ ವಿಷಯ ಕ್ರೀಡೆ, ನೀತಿ ಮತ್ತು ಧರ್ಮ. ಅನುಮಾನ ಬಂದ ಪ್ರಾಧ್ಯಾಪಕರು ಒಂದು ದಿನ ಕ್ಲಿಕ್ಕರ್ ಜೊತೆಗೆ ಕಾಗದದ ಮೇಲೂ ಉತ್ತರ ಬರೆಸಿಕೊಂಡರು. ಎರಡೂ ಲೆಕ್ಕ ತಾಳೆಯಾಗಲಿಲ್ಲ.